ಯಮದೂತ ಮೇಷ್ಟ್ರೂ ನಾನೂ

ಮಗಳು ಆರ್ಕಿಟೆಕ್ಚರ್ ಓದುತ್ತೇನೆ ಎಂದಾಗ ನಮ್ಮತ್ತೆ, "ಮನೆ ಪ್ಲಾನ್ ಹಾಕೋದಕ್ಕೆ ಐದು ವರ್ಷ ಬೇಕೇನೇ?" ಎಂದು ಕೇಳಿದ್ದರು. ನಮ್ಮ ಬೀದಿಯ ಅರ್ಧ ಮನೆಗಳಿಗೆ ಪ್ಲಾನ್ ಹಾಕಿದವನು ಮೇಸ್ತ್ರಿ. ಮರಳಿನ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿ, ಮಾರನೆಯ ದಿನ ಪಾಯ ತೋಡಿಸಿದವನು. ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ ನನಗೂ ಅದಕ್ಕಿಂತ ಹೆಚ್ಚೇನೂ ತಿಳಿದಿರಲಿಲ್ಲ. ಮೂರನೆಯ ವರ್ಷದ ದಸರಾ ರಜೆಗೆ ಬಂದವಳು ಎರಡು ದಿನ ಮಲಗೇ ಇದ್ದಳು. ಆಮೇಲೆ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟು, "ಕಾಲೇಜು ಹೇಗಿದೆ ಅಂತ ಕೇಳ್ತಾನೇ ಇರ್ತೀಯಲ್ಲಮ್ಮ, ಈ ಸಿನಿಮಾ ನೋಡು" ಎಂದಳು.

'ಇನ್ ವಿಚ್ ಆನಿ ಗಿವ್ಸ್ ಇಟ್ ದೋಸ್ ಒನ್ಸ್' ಎಂಬ ಮಾರುದ್ದದ ಹೆಸರು. ದೆಹಲಿ ಹುಡುಗರ ಆಡುಮಾತಂತೆ. 'ಆನಿ ಶುರು ಮಾಡಿದ ನೋಡು ತನ್ನ ಮಾಮೂಲಿ ಪುರಾಣ' ಎಂದು ನಾವು ಹೇಳಬಹುದು. ನಿರ್ದೇಶನ ಪ್ರದೀಪ್ ಕೃಷನ್ ಅವರದು, ಚಿತ್ರಕಥೆ ಅರುಂಧತಿ ರಾಯ್ ಅವರದು. 1997ರಲ್ಲಿ ಬೂಕರ್ ಪ್ರಶಸ್ತಿ ಪಡೆದ ಅದೇ ಅರುಂಧತಿ. ಆಕೆ ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಓದಿದವರು. ಚಿತ್ರದಲ್ಲಿ ರಾಧಾ ಎಂಬ ವಿದ್ಯಾರ್ಥಿನಿಯ ಪಾತ್ರವನ್ನೂ ತಾವೇ ಮಾಡಿದ್ದಾರೆ. 1989ರಲ್ಲಿ ದೂರದರ್ಶನ ಇದನ್ನು ರಾತ್ರಿ ತಡವಾಗಿ ತೋರಿಸಿತಂತೆ. ಆಗ ನಾನು ಬಿ.ಎ. ಓದುತ್ತಿದ್ದೆ. ಪಕ್ಕದ ಮನೆಯವರು ಭಾನುವಾರದ ಮಹಾಭಾರತಕ್ಕೆ ನಮ್ಮನ್ನು ಒಳಗೆ ಕರೆಯುತ್ತಿದ್ದುದೇ ದೊಡ್ಡದು, ರಾತ್ರಿಯ ಇಂಗ್ಲಿಷ್ ಸಿನಿಮಾ ಎಲ್ಲಿಂದ ಬರಬೇಕು!

ಕಥೆ ನಡೆಯುವುದು 1974ರಲ್ಲಿ. ಆನಿ ಎಂದರೆ ಆನಂದ್ ಗ್ರೋವರ್, ಐದನೆಯ ವರ್ಷವನ್ನೇ ಮತ್ತೆ ಮತ್ತೆ ಓದುತ್ತಿರುವ ಹುಡುಗ. ಹಿಂದೊಮ್ಮೆ ಕಾಲೇಜಿನ ಮುಖ್ಯಸ್ಥ ಬಿಲಿಮೋರಿಯಾರನ್ನು ಗೇಲಿ ಮಾಡಿದ್ದಕ್ಕೆ ಇನ್ನೂ ದಂಡ ತೆರುತ್ತಿದ್ದಾನೆ. ವೈ.ಡಿ. ಬಿಲಿಮೋರಿಯಾರಿಗೆ ಹುಡುಗರಿಟ್ಟ ಹೆಸರು ಯಮದೂತ. ರೋಶನ್ ಸೇಠ್ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ, ಆತ ನಯವಾದ ದನಿಯಲ್ಲಿ ಹುಡುಗರನ್ನು ಕತ್ತೆ ಎಂದಾಗ ನಾನು ಜೋರಾಗಿ ನಕ್ಕೆ. ಮಗಳು ನಗಲಿಲ್ಲ.

ಆ ಹೊತ್ತಿಗೆ ಸಿನಿಮಾ ನಿಲ್ಲಿಸಿ ಅವಳಿಂದ ಒಂದಿಷ್ಟು ಪಾಠ ಹೇಳಿಸಿಕೊಂಡೆ. ಸ್ಟುಡಿಯೋ ಎಂದರೆ ಒಂದು ದೊಡ್ಡ ಹಾಲು, ಸಾಲಾಗಿ ಡ್ರಾಯಿಂಗ್ ಬೋರ್ಡುಗಳು. ಒಂದು ಜಾಗ ಕೊಟ್ಟು, ಇಲ್ಲೊಂದು ಆಸ್ಪತ್ರೆ ಮಾಡು, ಶಾಲೆ ಮಾಡು ಎನ್ನುತ್ತಾರೆ. ಹೇಗೆಂದು ಯಾರೂ ಹೇಳಿಕೊಡುವುದಿಲ್ಲ. ನೀನು ಗೀಚಬೇಕು. ಅದರ ಮೇಲೆ ಬಟರ್ ಪೇಪರ್ ಹಾಸಿ ಸರ್ ಗೀಚುತ್ತಾರೆ. ಅದರ ಮೇಲೆ ಮತ್ತೊಂದು ಹಾಳೆ ಹಾಸಿ ನೀನು ಗೀಚಬೇಕು. ಹೀಗೆ ವಾರಗಟ್ಟಲೆ. ಕೊನೆಗೆ ಹಾಳೆಗಳನ್ನೆಲ್ಲ ಗೋಡೆಗೆ ಚುಚ್ಚಿ, ಥರ್ಮಾಕೋಲಿನ ಮಾಡೆಲ್ ಪಕ್ಕದಲ್ಲಿಟ್ಟು, ಮೂರು ರಾತ್ರಿ ನಿದ್ದೆಗೆಟ್ಟ ಮುಖದಲ್ಲಿ ಎಲ್ಲರೆದುರು ನಿಲ್ಲಬೇಕು. ಅದಕ್ಕೆ ಜ್ಯೂರಿ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ವಿದ್ಯಾರ್ಥಿಗಳ ನಕ್ಷೆಗಳನ್ನು ಒಯ್ಯಲು ಗಾಡಿ ಬರುತ್ತಿತ್ತಂತೆ. ಗಾಡಿ ಹೊರಟ ಮೇಲೂ ಹುಡುಗರು ಅದರ ಮೇಲೇರಿ ಗೆರೆ ಎಳೆಯುತ್ತಿದ್ದರಂತೆ. ಕೊನೆ ಗಳಿಗೆಯ ಧಾವಂತ ಅಂದಿನಿಂದಲೂ ತಪ್ಪಿಲ್ಲ ಎಂದಾಯಿತು.

ನಮ್ಮ ಪರೀಕ್ಷೆಗಳಿಗೆ ಮಾದರಿ ಉತ್ತರವೊಂದಿರುತ್ತದೆ. ಅಂಕ ಕಡಿಮೆ ಬಂದರೆ ಮಗು ಅದನ್ನು ತೋರಿಸಿ ಜಗಳವಾಡಬಹುದು. ಇಲ್ಲಿ ಅದಿಲ್ಲ. ಮೇಷ್ಟ್ರ ಕಣ್ಣಿಗೆ ಹಿಡಿಸಬೇಕು, ಅಷ್ಟೇ. ಇಂಥ ಕಡೆ ಮೇಷ್ಟ್ರು ಮನಸ್ಸು ಮಾಡಿದರೆ ಒಬ್ಬ ಆನಿಯನ್ನು ಎಷ್ಟು ವರ್ಷ ಬೇಕಾದರೂ ಕೂರಿಸಬಹುದು. ಇದನ್ನು ಚಿತ್ರ ಎಲ್ಲೂ ಭಾಷಣ ಮಾಡದೆ ತೋರಿಸುತ್ತದೆ. ಅದು ನನಗೆ ಬಹಳ ಇಷ್ಟವಾಯಿತು.

ಇಷ್ಟವಾಗದ್ದೂ ಇದೆ. ಹಾಸ್ಟೆಲ್ಲಿನ ತಮಾಷೆಗೆ ಸಿಕ್ಕ ಜಾಗ ಡ್ರಾಯಿಂಗ್ ಬೋರ್ಡಿಗೆ ಸಿಕ್ಕಿಲ್ಲ. ಒಂದು ತಪ್ಪು ಗೆರೆ ಹೇಗೆ ಸರಿಯಾಯಿತು, ಯಾವ ಮಾತಿನಿಂದ ಒಂದು ಗೋಡೆ ಪಕ್ಕಕ್ಕೆ ಸರಿಯಿತು ಎಂಬುದನ್ನು ನೋಡಲು ನಾನು ಕಾದಿದ್ದೆ. ಕಲಿಸುವವಳಿಗೆ ಅದೇ ತಾನೇ ಬೇಕಾದದ್ದು.

ಇನ್ನೊಂದು, ಆನಿಯ ಕನಸು. ರೈಲು ಹಳಿಗಳ ಎರಡೂ ಬದಿಗೆ ಹಣ್ಣಿನ ಮರ ನೆಡಬೇಕೆನ್ನುತ್ತಾನೆ ಅವನು. ಜನ ಬೆಳಿಗ್ಗೆ ಹಳಿಯ ಪಕ್ಕವೇ ಕೂರುತ್ತಾರಲ್ಲ, ಗೊಬ್ಬರಕ್ಕೆ ಬರವಿಲ್ಲ! ಹಳ್ಳಿಯವರು ಕೆಲಸ ಹುಡುಕಿ ಪೇಟೆಗೆ ಓಡುವುದೂ ನಿಲ್ಲುತ್ತದೆ. ನೋಡುವವರು ಇದನ್ನು ಹುಚ್ಚು, ಆದರೂ ಮುದ್ದಾದ ಹುಚ್ಚು ಎಂದುಕೊಳ್ಳಲಿ ಎಂದು ಚಿತ್ರದ ಆಸೆ. ನಾನೂ ನಕ್ಕೆ, ಆಮೇಲೆ ನಗು ನಿಂತಿತು. ನಸುಕಿನಲ್ಲಿ ತಂಬಿಗೆ ಹಿಡಿದು, ರೈಲು ಬಂದಾಗ ಎದ್ದು ನಿಲ್ಲುವ ಹೆಂಗಸರನ್ನು ರೈಲಿನ ಕಿಟಕಿಯಿಂದ ನೀವೂ ಕಂಡಿರುತ್ತೀರಿ. ಅವರಿಗೆ ಬೇಕಾದದ್ದು ನಾಲ್ಕು ಗೋಡೆ, ಒಂದು ಬಾಗಿಲು, ಒಳಗಿನಿಂದ ಒಂದು ಚಿಲಕ. ಕಟ್ಟಡ ಕಟ್ಟುವುದನ್ನು ಕಲಿಯುವ ಹುಡುಗನಿಗೂ ಅದು ಹೊಳೆಯಲಿಲ್ಲ, ಬರೆದಾಕೆ ಹೆಣ್ಣಾಗಿದ್ದರೂ ಅದನ್ನು ನಗೆಯಲ್ಲಿ ತೇಲಿಸಿಬಿಟ್ಟರು.

ಇದನ್ನು ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಜ್ಯೂರಿಯ ಸಂಗತಿ ಹೇಳಿದಳು. ಕೊಟ್ಟಿದ್ದು ಒಂದು ಹೈಸ್ಕೂಲು. ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ಆಟದ ಮೈದಾನದ ಕಡೆಗಿದೆ. ಹುಡುಗರ ಕಣ್ಣೆದುರು ಹೋಗಲು ನಾಚಿ, ಎಷ್ಟೋ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಅಲ್ಲೇ ಓದಿದ ಇವಳು ತನ್ನ ನಕ್ಷೆಯಲ್ಲಿ ಆ ಬಾಗಿಲನ್ನು ಹಿಂದಕ್ಕೆ ತಿರುಗಿಸಿ, ಅಡ್ಡಕ್ಕೊಂದು ಗೋಡೆ ಹಾಕಿ, ಅದರ ಸುತ್ತಲೇ ಉಳಿದ ಶಾಲೆಯನ್ನು ಜೋಡಿಸಿದ್ದಳು. ಹೊರಗಿನಿಂದ ಬಂದ ಪರೀಕ್ಷಕರೊಬ್ಬರು, "ಟಾಯ್ಲೆಟ್ಟೇ ನಿನ್ನ ಕಾನ್ಸೆಪ್ಟಾ?" ಎಂದರಂತೆ. ಎಲ್ಲರೂ ನಕ್ಕರಂತೆ. ಅವಳ ಬಾಯಿಂದ ಮಾತು ಹೊರಡಲಿಲ್ಲ.

ಎರಡು ತಿಂಗಳ ಹಿಂದೆ ಫೋನಿನಲ್ಲಿ ಅತ್ತಿದ್ದು ಇದಕ್ಕೇ. ಆಗ ನಾನು ಏನೆಂದಿದ್ದೆ? "ಮೇಷ್ಟ್ರು ಹೇಳಿದ ಹಾಗೆ ಮಾಡಿಬಿಡು, ಎದುರಾಡಬೇಡ" ಎಂದಿದ್ದೆ. ಏನಾಯಿತೆಂದು ಕೇಳಲೂ ಇಲ್ಲ.

ಉಳಿದ ಸಿನಿಮಾವನ್ನು ರಾತ್ರಿ ಊಟವಾದ ಮೇಲೆ ನೋಡಿದೆವು. ಯಮದೂತ ಬಾಯಿ ತೆರೆದಾಗಲೆಲ್ಲ ನನಗೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ನೆನಪಾಗುತ್ತಿದ್ದಳು. ಪದ್ಯದ ಅರ್ಥವನ್ನು ತನ್ನದೇ ರೀತಿಯಲ್ಲಿ ಬರೆದಿದ್ದಳು. ನೋಟ್ಸಿನಲ್ಲಿ ಇದ್ದಂತೆ ಬರೆಯಲಿಲ್ಲವೆಂದು ಕ್ಲಾಸಿನೆದುರು ನಿಲ್ಲಿಸಿ ಅದನ್ನು ಗಟ್ಟಿಯಾಗಿ ಓದಿದ್ದೆ, ಮಕ್ಕಳೆಲ್ಲ ನಕ್ಕಿದ್ದರು. ಆಮೇಲೆ ಅವಳು ನೋಟ್ಸಿನಲ್ಲಿದ್ದುದನ್ನೇ ಬರೆದಳು, ಒಳ್ಳೆಯ ಅಂಕವನ್ನೂ ತೆಗೆದಳು. ಅವಳು ಬರೆದಿದ್ದ ಅರ್ಥ ಏನೆಂದು ಎಷ್ಟು ಯೋಚಿಸಿದರೂ ನೆನಪಿಗೆ ಬರಲೊಲ್ಲದು.

ರಜೆ ಮುಗಿಸಿ ಹೊರಡುವಾಗ ಮಗಳು ಆ ಶಾಲೆಯ ಹಾಳೆಗಳನ್ನು ಸುತ್ತಿ ರದ್ದಿಗೆ ಹಾಕಲು ತೆಗೆದಿಟ್ಟಿದ್ದಳು. ನಾನು ಬಿಚ್ಚಿ ಟೇಬಲ್ಲಿನ ಮೇಲೆ ಹರಡಿ, "ಈ ಗೋಡೆ ಎಷ್ಟು ಎತ್ತರ ಬರುತ್ತೆ, ಹೇಳು" ಎಂದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಅವಳು ಪೆನ್ಸಿಲ್ ಹುಡುಕತೊಡಗಿದಳು.