ನಳಿಗೆಗೆ ತಕ್ಕ ಗುಂಡು

ಹಳೆಯ ಕೋವಿಗಳನ್ನು ಸಂಗ್ರಹಿಸುವವರ ನಡುವೆ ಒಂದು ಮಾತು ಗಾದೆಯಂತೆ ಓಡಾಡುತ್ತದೆ: ಕಾರ್ಕಾನೋಗೆ ಗುರಿ ನಿಲ್ಲುವುದಿಲ್ಲ. ಇಟಲಿಯ ಸೈನ್ಯ 1891ರಲ್ಲಿ ಒಪ್ಪಿಕೊಂಡು ಎರಡು ಮಹಾಯುದ್ಧಗಳಲ್ಲಿ ಬಳಸಿದ 6.5 ಮಿ.ಮೀ. ರೈಫಲ್ ಇದು. ಎರಡನೆಯ ಯುದ್ಧದ ನಂತರ ಅಮೆರಿಕದಲ್ಲಿ ಅಂಚೆಯ ಮೂಲಕ ಅಗ್ಗಕ್ಕೆ ಮಾರಾಟವಾಯಿತು. 1963ರಲ್ಲಿ ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಯನ್ನು ಕೊಂದ ಕೋವಿಯೂ ಹೀಗೆ ತರಿಸಿಕೊಂಡ ಕಾರ್ಕಾನೋವೇ. ದುರ್ಬೀನು ಸಮೇತ ಅದರ ಬೆಲೆ 19.95 ಡಾಲರ್. ಅಗ್ಗದ ಮಾಲು ಎಂಬ ಹೆಸರು ಅಂಟಿಕೊಂಡ ಮೇಲೆ, ಗುರಿ ತಪ್ಪಿದಾಗಲೆಲ್ಲ ತಪ್ಪು ಕೋವಿಯದೇ ಆಯಿತು.

ಇದರ ಜೊತೆಗೆ ಇನ್ನೊಂದು ಅಭಿಪ್ರಾಯವೂ ಬೇರುಬಿಟ್ಟಿದೆ. ಇಂಥ ಕೋವಿಗೆ ಸೀಸದ ಗುಂಡು ಎರೆದು, ಪೌಡರ್ ಕೋಟಿಂಗ್ ಮಾಡಿ ಹಾರಿಸುವುದು ಬರೀ ಬಣ್ಣ ಬಳಿಯುವ ಕೆಲಸ, ಚರಿತ್ರೆಗೆ ಮಾಡುವ ಅಪಚಾರ ಎಂದು. ನನ್ನ ಪ್ರಕಾರ ಎರಡೂ ತಪ್ಪು, ಎರಡರ ಮೂಲವೂ ಒಂದೇ: ಅಳೆಯದೆ ಆಡಿದ ಮಾತು.

ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ತೋಡುಗಳಿರುತ್ತವೆ, ಅವುಗಳ ನಡುವೆ ಏಣುಗಳು. ಏಣಿನಿಂದ ಏಣಿಗೆ ಅಳೆದರೆ ಕಾರ್ಕಾನೋ 6.5 ಮಿ.ಮೀ. ಹೆಸರು ಬಂದದ್ದು ಅಲ್ಲಿಂದ. ಆದರೆ ಗುಂಡು ತುಂಬಿ ನಿಲ್ಲಬೇಕಾದದ್ದು ತೋಡಿನಿಂದ ತೋಡಿಗೆ. ಆ ಅಳತೆ ಸುಮಾರು 6.8 ಮಿ.ಮೀ., ಅಂದರೆ 0.268 ಇಂಚು. ‘6.5’ ಎಂಬ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುವ ಬಹುಪಾಲು ಗುಂಡುಗಳು 0.264 ಇಂಚಿನವು. ಲೇತ್ ಮುಂದೆ ನಿಂತು ದುಡಿದವರ ಮಾತಿನಲ್ಲಿ ಹೇಳುವುದಾದರೆ, ವ್ಯತ್ಯಾಸ ನಾಲ್ಕು ಥೌ, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ನಾಲ್ಕು. ಹೊರಗಿನವರಿಗೆ ಅದು ಲೆಕ್ಕಕ್ಕಿಲ್ಲದ ಅಂತರ. ನಳಿಗೆಗೆ ಅದೇ ಎಲ್ಲ. ಗುಂಡು ತೆಳುವಾದರೆ ಬಿಸಿ ಅನಿಲ ಪಕ್ಕದಿಂದ ನುಸುಳುತ್ತದೆ, ಸೀಸವನ್ನು ಕರಗಿಸಿ ತೋಡುಗಳಿಗೆ ಮೆತ್ತುತ್ತದೆ, ಗುಂಡು ಸರಿಯಾಗಿ ಸುತ್ತದೆ ಎತ್ತಲೋ ಹೋಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಗುಂಡಿನ ತಪ್ಪಿಗೆ ನಳಿಗೆ ಬೈಸಿಕೊಂಡಿದೆ.

ಇನ್ನು ಲೇಪನದ ಮಾತು. ಪೀಣ್ಯದ ಶೆಡ್ಡುಗಳಲ್ಲಿ ಕಿಟಕಿಯ ಗ್ರಿಲ್ಲಿಗೆ, ಬೀರುವಿಗೆ ಹಾಕುವ ಪೌಡರ್ ಕೋಟಿಂಗನ್ನು ಕಂಡವರಿಗೆ ಈ ಕೆಲಸ ಹೊಸದಲ್ಲ. ನುಣ್ಣನೆಯ ಪಾಲಿಯೆಸ್ಟರ್ ಪುಡಿ ಸ್ಥಾಯಿ ವಿದ್ಯುತ್ತಿನಿಂದ ಲೋಹಕ್ಕೆ ಅಂಟುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ, ಗಟ್ಟಿ ಚರ್ಮವಾಗಿ ಕೂರುತ್ತದೆ. ಸೀಸ ಕರಗುವುದು 327 ಡಿಗ್ರಿಯಲ್ಲಿ, ಹಾಗಾಗಿ ಗುಂಡಿನ ಆಕಾರ ಕೆಡುವುದಿಲ್ಲ. ಒಂದು ಲೇಪನಕ್ಕೆ ಗುಂಡಿನ ವ್ಯಾಸ ಒಂದೆರಡು ಥೌ ಹಿಗ್ಗುತ್ತದೆ. ಆಮೇಲೆ ಸೈಜಿಂಗ್ ಡೈನಲ್ಲಿ ತೂರಿಸಿ ಬೇಕಾದ ಅಳತೆಗೆ ತರಬಹುದು. ಸೀಸಕ್ಕೂ ಉಕ್ಕಿಗೂ ನೇರ ಸೋಂಕಿಲ್ಲದ್ದರಿಂದ ಮೇಣ, ಕೊಬ್ಬು ಸವರುವ ಗೊಡವೆಯೂ ಇಲ್ಲ. ಅಚ್ಚು ಕೊಟ್ಟ ಗುಂಡು ಸ್ವಲ್ಪ ಸಣ್ಣದಾದಾಗ ಈ ಲೇಪನ ಅಳತೆಯನ್ನೇ ತುಂಬಿಕೊಡುತ್ತದೆ. ಅಂದಚಂದಕ್ಕೆ ಬಳಿದ ಬಣ್ಣಕ್ಕೆ ಈ ಶಕ್ತಿಯಿಲ್ಲ.

ಅಪಚಾರ ಎನ್ನುವವರಿಗೆ ಚರಿತ್ರೆಯೇ ಉತ್ತರ ಕೊಡುತ್ತದೆ. ನಳಿಗೆಯ ಬಾಯಿಂದ ಮದ್ದುಗುಂಡು ತುಂಬುವ ರೈಫಲುಗಳ ಕಾಲದಲ್ಲಿ ಎಣ್ಣೆ ಸವರಿದ ಬಟ್ಟೆಚೂರು ಗುಂಡಿಗೂ ನಳಿಗೆಗೂ ನಡುವಿನ ಸಂದು ತುಂಬುತ್ತಿತ್ತು. 1853ರ ಮಾದರಿಯ ಎನ್‌ಫೀಲ್ಡ್‌ನಲ್ಲಿ ಆ ಕೆಲಸ ಜಿಡ್ಡು ಸವರಿದ ಕಾಗದದ್ದಾಯಿತು. ಆ ಜಿಡ್ಡಿನಲ್ಲಿ ದನದ, ಹಂದಿಯ ಕೊಬ್ಬಿದೆ ಎಂಬ ಶಂಕೆ 1857ರಲ್ಲಿ ಈ ದೇಶದ ಸಿಪಾಯಿಗಳನ್ನು ಹೇಗೆ ಕೆರಳಿಸಿತು ಎಂಬುದು ನಮಗೆ ಶಾಲೆಯಿಂದಲೇ ಗೊತ್ತು. ಮಾರ್ಟಿನಿ-ಹೆನ್ರಿ ರೈಫಲಿನ ಸೀಸದ ಗುಂಡಿಗೂ ಕಾಗದ ಸುತ್ತುತ್ತಿದ್ದರು. 1882ರಲ್ಲಿ ಸ್ವಿಟ್ಜರ್ಲೆಂಡಿನ ಎಡ್ವಾರ್ಡ್ ರೂಬಿನ್ ತಾಮ್ರದ ಕವಚ ತೊಡಿಸಿದ. ಹೊಗೆರಹಿತ ಮದ್ದಿನ ವೇಗಕ್ಕೆ ಬರಿಯ ಸೀಸ ತಾಳದಾದಾಗ ಆ ಕವಚವೇ ಲೋಕದ ರೂಢಿಯಾಯಿತು. ಬಟ್ಟೆ, ಕಾಗದ, ತಾಮ್ರ, ಈಗ ಪಾಲಿಯೆಸ್ಟರ್: ಗುಂಡಿಗೆ ಅಂಗಿ ತೊಡಿಸದೆ ರೈಫಲಿನ ಚರಿತ್ರೆ ಮುಂದೆ ಸಾಗಿದ್ದೇ ಕಡಿಮೆ.

ಅಪಚಾರ ನಡೆದಿಲ್ಲವೆಂದಲ್ಲ, ನಡೆದದ್ದು ಬೇರೆಡೆ. ಮೊದಲ ಮಹಾಯುದ್ಧದಲ್ಲಿ ಕೋವಿ ಸಾಲದೆ ಇಟಲಿ ತನ್ನ ಹಳೆಯ 10.4 ಮಿ.ಮೀ. ವೆಟರ್ಲಿಗಳ ನಳಿಗೆಯೊಳಗೆ ಹೊಸ ಕೊಳವೆ ಕೂರಿಸಿ 6.5ಕ್ಕೆ ಇಳಿಸಿತು. ಕಪ್ಪು ಮದ್ದಿನ ಕಾಲದ ಮೈಗೆ ಹೊಗೆರಹಿತ ಮದ್ದಿನ ಒತ್ತಡ ಬಿತ್ತು. ಅದು ತೋಟಾಕ್ಕಾಗಿ ಕೋವಿಯನ್ನು ಬದಲಿಸಿದ ರೀತಿ. ಆ ಗಾಯ ಮಾಯುವುದಿಲ್ಲ, ಆ ಕೋವಿಗಳನ್ನು ಹಾರಿಸುವುದು ಇಂದಿಗೂ ಅಪಾಯ. ಲೇಪನದ ದಾರಿಯಲ್ಲಿ ಕೋವಿಯ ಒಂದು ತಿರುಪನ್ನೂ ಮುಟ್ಟಬೇಕಿಲ್ಲ. ಬದಲಾಗುವುದು ಗುಂಡು ಮಾತ್ರ. ಹಳೆಯದನ್ನು ಕಾಪಾಡುವವರು ಇದಕ್ಕಿಂತ ಹೆಚ್ಚಿನ ಗೌರವವನ್ನು ಹೇಗೆ ತೋರಿಸಬಲ್ಲರು?

ಹಾಗೆಂದು ಲೇಪನವನ್ನು ಸರ್ವರೋಗಕ್ಕೆ ಮದ್ದೆಂದು ಹೊಗಳುವವರ ಜೊತೆಗೂ ನಾನಿಲ್ಲ. ನಾಲ್ಕೈದು ಥೌ ಕೊರತೆಯನ್ನು ಪದರದ ಮೇಲೆ ಪದರ ಹಾಕಿ ಮುಚ್ಚಹೊರಟರೆ ದಪ್ಪ ಒಂದೇ ಸಮ ಬರುವುದಿಲ್ಲ. ಅಲ್ಲಿ ಬೇಕಾದದ್ದು ಬೇರೆ ಅಚ್ಚು. ಗುಂಡು ದಪ್ಪವಾದಂತೆ ತೋಟಾದ ಕತ್ತೂ ದಪ್ಪವಾಗುತ್ತದೆ. ಸಿಡಿಯುವ ಗಳಿಗೆಯಲ್ಲಿ ಆ ಕತ್ತು ಹಿಗ್ಗಿ ಗುಂಡನ್ನು ಬಿಡಲು ತೋಟಾ ಕೂರುವ ಕೋಣೆಯಲ್ಲಿ ಜಾಗವಿಲ್ಲದಿದ್ದರೆ ಒತ್ತಡ ಏರುತ್ತದೆ, ನೂರು ವರ್ಷದ ಉಕ್ಕಿನ ಮುಂದೆ ಮುಖವಿಟ್ಟವನ ಜೀವಕ್ಕೇ ಸಂಚಕಾರ. ತುಕ್ಕು ತಿಂದು ಸವೆದ ನಳಿಗೆಗೆ ಯಾವ ಅಂಗಿಯೂ ಯೌವನ ತಂದುಕೊಡದು. ಇದು ತೋಟಾ ತುಂಬಲು ಕಾನೂನು ಒಪ್ಪುವ ದೇಶಗಳ ಹವ್ಯಾಸ. ನಮ್ಮಲ್ಲಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ ಎಂಬುದನ್ನೂ ಹೇಳಲೇಬೇಕು.

ಕಾರ್ಕಾನೋಗಳು ಟೆರ್ನಿ, ಬ್ರೆಶಿಯಾ, ಗಾರ್ಡೊನೆ ಮೊದಲಾದ ಊರುಗಳ ಕಾರ್ಖಾನೆಗಳಲ್ಲಿ ಅರ್ಧ ಶತಮಾನ ತಯಾರಾದವು. ಎರಡು ನಳಿಗೆ ಒಂದೇ ಅಳತೆಯಲ್ಲಿರುತ್ತವೆಂದು ನಂಬುವಂತಿಲ್ಲ. ಅದಕ್ಕೇ ಬಲ್ಲವರು ಖಾಲಿ ಕೋವಿಯ ನಳಿಗೆಯಲ್ಲಿ ಮೆತ್ತನೆಯ ಸೀಸದ ತುಂಡೊಂದನ್ನು ದಾಟಿಸಿ, ಅದರ ಮೈಮೇಲೆ ಮೂಡಿದ ಗುರುತನ್ನು ಮೈಕ್ರೋಮೀಟರಿನಲ್ಲಿ ಅಳೆಯುತ್ತಾರೆ. ಆ ತುಂಡು ಹೇಳುವುದು ಆ ಒಂದು ಕೋವಿಯ ಮಾತನ್ನು, ಪೆಟ್ಟಿಗೆಯ ಮೇಲಿನ ಅಂಕಿಯನ್ನಲ್ಲ. ತೀರ್ಪು ಅದನ್ನು ಕೇಳಿಸಿಕೊಂಡ ಮೇಲೆ ಬರಲಿ.