ಮೇಣಕ್ಕೆ ಕೈ, ಗೀರಿಗೆ ಮಷೀನು

ಡಬ್ಬಿಯ ಮುಚ್ಚಳ ತೆಗೆದರೆ ಒಳಗಿನ ಮೇಣ ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬೆಣ್ಣೆಯಂತೆ ಗಟ್ಟಿಯಾಗಿರುತ್ತದೆ. ಸ್ಪಂಜನ್ನು ಅದರ ಮೇಲೆ ಒಂದೇ ಸುತ್ತು ತಿರುಗಿಸಿ, ಬಾನೆಟ್ಟಿನ ಕಾಲು ಭಾಗಕ್ಕೆ ಸವರುತ್ತೇನೆ. ಮೊದಮೊದಲು ಏನೂ ಕಾಣುವುದಿಲ್ಲ. ಐದಾರು ನಿಮಿಷ ಬಿಟ್ಟರೆ ಬಣ್ಣದ ಮೇಲೆ ತೆಳ್ಳಗೆ ಮಂಜು ಕವಿದ ಹಾಗೆ ಬಿಳುಪು ಮೂಡುತ್ತದೆ. ಅದರ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ನೋಡಬೇಕು. ಗೆರೆ ಸ್ವಚ್ಛವಾಗಿ ಮೂಡಿದರೆ ಮೇಣ ಒಣಗಿದೆ, ಒರೆಸಬಹುದು. ಜಿಡ್ಡು ಮೆತ್ತಿಕೊಂಡರೆ ಇನ್ನಷ್ಟು ಹೊತ್ತು ಕಾಯಬೇಕು. ಒರೆಸುವಾಗ ಬಟ್ಟೆ ಎಲ್ಲೂ ತಡೆಯದೆ ಜಾರುತ್ತ ಹೋದರೆ ಹಚ್ಚಿದ್ದು ಹದವಾಗಿದೆ ಎಂದರ್ಥ. ಬಟ್ಟೆ ಎಳೆದಾಡಿದರೆ ಹಚ್ಚಿದ್ದು ಹೆಚ್ಚಾಯಿತು.

ಕಾರಿಗೆ ಮೇಣವನ್ನು ಕೈಯಲ್ಲಿ ಹಚ್ಚಬೇಕೋ ಮಷೀನಿನಲ್ಲಿ ಹಚ್ಚಬೇಕೋ ಎಂಬ ಮಾತು ಬಂದಾಗಲೆಲ್ಲ ಜನ ಎರಡು ಪಕ್ಷವಾಗುತ್ತಾರೆ. ಹದಿನಾಲ್ಕು ವರ್ಷದಿಂದ ನನ್ನ ಕಾರನ್ನು ನಾನೇ ತೊಳೆದು, ನಾನೇ ಒರೆಸಿ, ನಡುವೆ ಒಮ್ಮೆ ಅಂಗಡಿಗೆ ಕೊಟ್ಟು ಕೈ ಸುಟ್ಟುಕೊಂಡ ಮೇಲೆ ನನ್ನ ತೀರ್ಮಾನ ಗಟ್ಟಿಯಾಗಿದೆ. ಮೇಣ ಹಚ್ಚುವುದು ಕೈಯ ಕೆಲಸ, ಗೀರು ತೆಗೆಯುವುದು ಮಷೀನಿನ ಕೆಲಸ. ಎರಡನ್ನೂ ‘ಪಾಲಿಶ್’ ಎಂದೇ ಕರೆಯುವುದರಿಂದ ಗೊಂದಲ ಹುಟ್ಟಿದೆ. ‘ಗಾಡಿ ಪಾಲಿಶ್ ಮಾಡಿಸಿದೆ’ ಅನ್ನುವವರಿಗೆ ಕಾರಿನ ಮೈಯಿಂದ ಏನನ್ನಾದರೂ ತೆಗೆದರೋ, ಮೈಮೇಲೆ ಏನನ್ನಾದರೂ ಹಚ್ಚಿದರೋ ಗೊತ್ತಿರುವುದಿಲ್ಲ. ಪಾಲಿಶ್ ಅಂದರೆ ಸವೆಸುವುದು. ಮೇಣ ಮೇಲೆ ಕೂರುವಂಥದ್ದು.

ಸವೆಯುವುದು ಯಾವುದು ಎಂಬುದು ಇಲ್ಲಿ ಮುಖ್ಯ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಅದರ ದಪ್ಪ ಸುಮಾರು 40-50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಹೊಳಪು ಎಂದು ನಾವು ಮೆಚ್ಚುವುದು ಇದನ್ನೇ. ಬಿಸಿಲಿನಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಇದೇ. ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಇಂಥ ಪದರ ಇರಲಿಲ್ಲ. ಕಾಂಪೌಂಡ್ ಹಾಕಿ ಬನಿಯನ್ ವೇಸ್ಟಿನಿಂದ ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು. ಎಷ್ಟು ಸವೆಯಿತು ಎಂದು ಬಟ್ಟೆ ನೋಡಿಯೇ ಅಂದಾಜು ಮಾಡಬಹುದಿತ್ತು. ಈಗ ಸವೆಯುವ ಪದರಕ್ಕೆ ಬಣ್ಣವಿಲ್ಲ. ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗೆಂದು ಮಷೀನನ್ನು ದೂರವಿಡಬೇಕು ಎನ್ನಲಾರೆ. ರಾತ್ರಿ ಬೀದಿದೀಪದ ಕೆಳಗೆ ನಿಂತ ಕಪ್ಪು ಕಾರನ್ನು ನೋಡಿದರೆ, ದೀಪದ ಪ್ರತಿಬಿಂಬದ ಸುತ್ತ ಜೇಡರ ಬಲೆಯಂಥ ಸುತ್ತು ಗೀರುಗಳು ಕಾಣುತ್ತವೆ. ಒಣ ಧೂಳಿನ ಮೇಲೆ ದಿನಾ ಬೆಳಿಗ್ಗೆ ಬಟ್ಟೆ ಆಡಿಸಿದ್ದರ ಫಲ ಅದು. ಅಪಾರ್ಟ್‌ಮೆಂಟುಗಳಲ್ಲಿ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಹತ್ತು ಕಾರು ಒರೆಸುವುದುಂಟು. ಮೊದಲ ಕಾರಿನ ಮರಳು ಹತ್ತನೆಯದರ ಮೈ ಗೀರುತ್ತದೆ. ಈ ಗೀರುಗಳನ್ನು ಮೇಣ ತುಸು ಮರೆಮಾಡುತ್ತದೆಯೇ ಹೊರತು ತೆಗೆಯುವುದಿಲ್ಲ. ಕೈಯಲ್ಲಿ ಪಾಲಿಶ್ ಹಾಕಿ ತೆಗೆಯುತ್ತೇನೆಂದು ಹಟ ಹಿಡಿದವರನ್ನೂ ಕಂಡಿದ್ದೇನೆ, ಆ ಹಟ ನಾನೂ ಹಿಡಿದಿದ್ದೆ. ಅಂಗೈ ಎಷ್ಟೇ ಚಪ್ಪಟೆ ಮಾಡಿದರೂ ಒತ್ತಡವೆಲ್ಲ ಬೆರಳ ತುದಿಗೇ ಬರುತ್ತದೆ. ಎರಡು ಗಂಟೆ ಉಜ್ಜಿದ ಮೇಲೆ ಒಂದು ಬಾಗಿಲಿನ ಮೇಲೆ ನಾಲ್ಕು ಬೆರಳಿನ ಜಾಡು ಉಳಿಯಿತು, ಗೀರುಗಳು ಹಾಗೇ ಇದ್ದವು. ಈ ಕೆಲಸಕ್ಕೆ ಮಷೀನೇ ಬೇಕು.

ಮಷೀನುಗಳಲ್ಲೂ ಎರಡು ಜಾತಿ. ರೋಟರಿಯ ಪ್ಯಾಡು ಒಂದೇ ಅಚ್ಚಿನ ಮೇಲೆ ಗಿರ್ರನೆ ತಿರುಗುತ್ತದೆ. ಬೇಗ ಸವೆಸುತ್ತದೆ, ನಿಂತ ಜಾಗವನ್ನು ಅಷ್ಟೇ ಬೇಗ ಕಾಯಿಸುತ್ತದೆ. ಡ್ಯುಯಲ್ ಆ್ಯಕ್ಷನ್‌ನಲ್ಲಿ ಪ್ಯಾಡು ತಿರುಗುವುದರ ಜೊತೆಗೆ ಸಣ್ಣ ಸುತ್ತಿನಲ್ಲಿ ಓಲಾಡುತ್ತದೆ. ಆ ಸುತ್ತು ಮಷೀನಿಗೆ ತಕ್ಕಂತೆ 8ರಿಂದ 21 ಮಿಲಿಮೀಟರ್. ಕೆಲಸ ನಿಧಾನ, ಆದರೆ ಶಾಖ ಒಂದೇ ಕಡೆ ಕೂಡಿಕೊಳ್ಳುವುದು ಕಡಿಮೆ. ಜೋರಾಗಿ ಒತ್ತಿದರೆ ತಿರುಗುವುದು ನಿಂತು ಬರೀ ಅದುರುತ್ತದೆ. ಕಲಿಯುವವರ ಕೈಗೆ ಅದೇ ರಕ್ಷಣೆ.

ನಾನು ಕಾರು ಕೊಟ್ಟ ಅಂಗಡಿಯಲ್ಲಿ ರೋಟರಿ ಇತ್ತು. ನಾನು ಕೇಳಿದ್ದು ಮೇಣ. ಹುಡುಗ ಒಂದು ಬಾಟಲಿಯಿಂದ ಏನನ್ನೋ ಬಾನೆಟ್ಟಿಗೆ ಚಿಮುಕಿಸಿ ಮಷೀನು ಓಡಿಸಿದ. ಮುಗಿದಾಗ ಹೊಳೆಯುತ್ತಿತ್ತು, ಖುಷಿಯಿಂದ ದುಡ್ಡು ಕೊಟ್ಟು ಬಂದೆ. ಮರುದಿನ ಬಿಸಿಲಿನಲ್ಲಿ ನೋಡಿದರೆ ಬಾನೆಟ್ಟಿನ ಎಡ ಅಂಚಿನಲ್ಲಿ ಕಿರುಬೆರಳಿನ ಉದ್ದದಷ್ಟು ಜಾಗ ಮಂಕಾಗಿತ್ತು. ನೀರು ಹಾಕಿದರೆ ಸರಿ ಕಾಣುತ್ತದೆ, ಒಣಗಿದರೆ ಮತ್ತೆ ಮಂಕು. ಪರಿಚಯದ ಪೇಂಟರ್ ಬೆರಳಾಡಿಸಿ, ‘ಕ್ಲಿಯರ್ ಹೋಗಿದೆ ಸಾರ್, ಇನ್ನು ಬಾನೆಟ್ ಪೂರ್ತಿ ಪೇಂಟ್ ಮಾಡ್ಬೇಕು’ ಅಂದ. ಅಂಚುಗಳಲ್ಲಿ ಈ ಪದರ ಮೊದಲೇ ತೆಳುವಾಗಿರುತ್ತದೆ, ಪ್ಯಾಡಿನ ಒತ್ತಡವೆಲ್ಲ ಅಲ್ಲೇ ಬೀಳುತ್ತದೆ. ತಿಳಿದವರು ಅಂಚಿಗೆ ಟೇಪು ಹಚ್ಚಿಯೇ ಮಷೀನು ಹಿಡಿಯುತ್ತಾರೆ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ತಕರಾರು ಆ ಪದ್ಧತಿಯ ಮೇಲೆ. ಪುಡಿ ಹರಳು ಮತ್ತು ಮೇಣ ಎರಡನ್ನೂ ಬೆರೆಸಿದ ದ್ರವ ಮಾರುಕಟ್ಟೆಯಲ್ಲಿದೆ. ಒಂದೇ ಏಟಿಗೆ ಸವೆಸುತ್ತದೆ, ಹೊಳೆಸುತ್ತದೆ. ಹಳೆಯ ಮಂಕಾದ ಕಾರಿಗೆ ಒಮ್ಮೆ ಬಳಸಿದರೆ ತಪ್ಪೇನಲ್ಲ. ಅದನ್ನೇ ‘ವ್ಯಾಕ್ಸ್ ಪಾಲಿಶ್’ ಎಂದು ಕರೆದು ಪ್ರತಿ ಸರ್ವಿಸಿಗೂ ಮಾಡುತ್ತ ಹೋದರೆ, ಕಾಪಾಡುವ ಹೆಸರಿನಲ್ಲಿ ಕಾರಿನ ಮೈ ಸವೆಸಿದಂತಾಯಿತು. ಒಂದೊಂದು ಸಲಕ್ಕೆ ಒಂದೋ ಎರಡೋ ಮೈಕ್ರಾನ್ ಹೋದರೂ ಇರುವುದೇ ನಲವತ್ತು. ಹೋದದ್ದು ಮತ್ತೆ ಬೆಳೆಯುವುದಿಲ್ಲ. ಮಷೀನು ಮುಟ್ಟಿಸುವ ಮುನ್ನ ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟು ನೋಡುವ ಅಂಗಡಿಗಳೂ ಇವೆ. ಕಾರು ಕೊಡುವುದಾದರೆ ಅಂಥ ಕಡೆ ಕೊಡಬೇಕು.

ಇನ್ನು ಮೇಣಕ್ಕೆ ಬರುತ್ತೇನೆ. ಒಳ್ಳೆಯ ಕಾರ್ ವ್ಯಾಕ್ಸಿನ ಜೀವಾಳ ಕಾರ್ನೌಬಾ. ಬ್ರೆಜಿಲಿನ ಈಶಾನ್ಯದ ಸಿಯಾರಾ, ಪಿಯಾವಿ ಪ್ರಾಂತ್ಯಗಳಲ್ಲಿ ಬೆಳೆಯುವ ಒಂದು ಜಾತಿಯ ತಾಳೆ ಮರ, ನೀರು ಆರಿಹೋಗದಂತೆ ತನ್ನ ಗರಿಗಳಿಗೆ ತಾನೇ ಹೊದಿಸಿಕೊಳ್ಳುವ ಮೇಣ ಇದು. ಗರಿ ಕೊಯ್ದು, ಒಣಗಿಸಿ, ಬಡಿದು ಉದುರಿಸುತ್ತಾರೆ. ಜೇನುಮೇಣ 62-64 ಡಿಗ್ರಿಗೆ ಕರಗಿದರೆ ಇದು ಕರಗಲು 82 ಡಿಗ್ರಿಯಾದರೂ ಬೇಕು. ಏಪ್ರಿಲ್ ಬಿಸಿಲಿನಲ್ಲಿ ಮುಟ್ಟಲಾಗದಷ್ಟು ಕಾಯುವ ಬಾನೆಟ್ಟಿನ ಮೇಲೂ ಇದು ನಿಲ್ಲುವುದು ಅದಕ್ಕೇ. ಬರೀ ಕಾರ್ನೌಬಾ ಚಕ್ಕೆಯಂತೆ ಗಡುಸು, ಹಚ್ಚಲು ಬರುವುದಿಲ್ಲ. ಆದ್ದರಿಂದ ಬೇರೆ ಮೇಣ, ಎಣ್ಣೆ, ದ್ರಾವಕ ಸೇರಿಸಿ ಮೆದು ಮಾಡುತ್ತಾರೆ. ದ್ರಾವಕ ಆರಿದಾಗ ಮೂಡುವುದೇ ಮೊದಲು ಹೇಳಿದ ಆ ಮಂಜು.

ಈ ಕೆಲಸಕ್ಕೆ ರಭಸವೂ ಬೇಡ, ಶಾಖವೂ ಬೇಡ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಅಲ್ಲಿ ತಿರುಗುವ ಯಂತ್ರಕ್ಕೆ ಅರ್ಥವಿದೆ. ಕಾರಿನ ಮೇಣ ತಾನಾಗಿ ಒಣಗಿ ಹಿಡಿಯುವಂಥದ್ದು. ಬೇಕಾದದ್ದು ತೆಳುವಾಗಿ, ಎಲ್ಲೂ ಬಿಡದಂತೆ ಸವರುವುದು ಮಾತ್ರ. ಬಾಗಿಲ ಹಿಡಿಯ ಹಿಂದಿನ ಗುಳಿ, ಹೆಸರಿನ ಅಕ್ಷರಗಳ ಸಂದು, ನಂಬರ್ ಪ್ಲೇಟಿನ ಮೇಲಿನ ಸಂದು, ಇಲ್ಲೆಲ್ಲ ದುಂಡು ಪ್ಯಾಡು ಹೋಗುವುದೇ ಇಲ್ಲ. ಕಪ್ಪು ಪ್ಲಾಸ್ಟಿಕ್ಕಿಗೂ ರಬ್ಬರಿಗೂ ತಾಗಿಸಿ ಬಿಳಿ ಕಲೆ ಮಾಡುವುದು ಮಾತ್ರ ತಪ್ಪದು.

ಕೈಯಲ್ಲಿ ಹಚ್ಚುವುದರ ಇನ್ನೊಂದು ಲಾಭ ನನಗೆ ದೊಡ್ಡದು. ಮೇಣ ಹಚ್ಚುವ ಮುನ್ನ, ತೊಳೆದ ಕಾರಿನ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಸವರುತ್ತೇನೆ. ಬರಿ ಬೆರಳಿಗೆ ನುಣುಪೆನಿಸಿದ ಬಣ್ಣ ಚೀಲದ ಮೂಲಕ ಸಣ್ಣ ರವೆ ಚೆಲ್ಲಿದ ಹಾಗೆ ಸಿಗುತ್ತದೆ. ಬೋರ್‌ವೆಲ್ ನೀರಿನ ಸುಣ್ಣ, ಮರದ ಅಂಟು, ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ. ಮೊದಲು ಕ್ಲೇ ಎಂಬ ಜೇಡಿಯಂಥ ಮುದ್ದೆ ಉಜ್ಜಿ ಇದನ್ನೆಲ್ಲ ತೆಗೆಯಬೇಕು. ಮೂರು ವರ್ಷದ ಹಿಂದೆ ಹಿಂದಿನ ಚಕ್ರದ ಮೇಲ್ಗಮಾನಿನ ಒಳ ಅಂಚಿನಲ್ಲಿ ಬಣ್ಣ ಉಬ್ಬಿ ತುಕ್ಕು ಹಿಡಿಯುತ್ತಿದ್ದದ್ದು ಗೊತ್ತಾದದ್ದು ಹೀಗೆ ಕೈಯಾಡಿಸುವಾಗಲೇ.

ದೊಡ್ಡ ಗಾಡಿಗಳ ಛಾವಣಿ, ಭುಜನೋವು ಇರುವವರ ಕಷ್ಟ ನನಗೆ ಗೊತ್ತು. ಅಂಥವರು ಡ್ಯುಯಲ್ ಆ್ಯಕ್ಷನ್ ಮಷೀನಿಗೆ ಎಲ್ಲಕ್ಕಿಂತ ಮೆದುವಾದ ಪ್ಯಾಡು ಹಾಕಿ, ಎಲ್ಲಕ್ಕಿಂತ ಕಡಿಮೆ ವೇಗದಲ್ಲಿ ಮೇಣ ಸವರಲಿ. ಪದರ ಒಂದೇ ಸಮ ಬರುತ್ತದೆ, ಕೆಲವೊಮ್ಮೆ ನನ್ನ ಕೈಗಿಂತ ಚೆನ್ನಾಗಿ. ಒರೆಸಲು ಹೇಗೂ ಮೈಕ್ರೋಫೈಬರ್ ಬಟ್ಟೆ ಹಿಡಿದು ಕೈಯೇ ಹೋಗಬೇಕು, ಹಾಗಾಗಿ ಉಳಿಯುವ ಸಮಯ ಹೆಚ್ಚಲ್ಲ. ರೋಟರಿಯಲ್ಲಿ ಮೇಣ ಹಚ್ಚುವುದನ್ನು ಮಾತ್ರ ನಾನು ಯಾರಿಗೂ ಹೇಳಲಾರೆ.

ನಮ್ಮ ಬಿಸಿಲು ಮಳೆಗೆ ಕಾರ್ನೌಬಾ ಒಂದೆರಡು ತಿಂಗಳು ನಿಂತರೆ ಹೆಚ್ಚು. ಸಿಂಥೆಟಿಕ್ ಸೀಲೆಂಟುಗಳು ಅದಕ್ಕಿಂತ ಬಾಳುತ್ತವೆ. ಮಳೆ ಬಂದಾಗ ಹನಿಗಳು ದುಂಡಗೆ ನಿಂತು ಉರುಳುವುದು ಬಿಟ್ಟು ಚಪ್ಪಟೆಯಾಗಿ ಹರಡತೊಡಗಿದರೆ ಮತ್ತೆ ಡಬ್ಬಿ ತೆಗೆಯುತ್ತೇನೆ. ಬೆಳಿಗ್ಗೆ ಬಿಸಿಲೇರುವ ಮುನ್ನ, ನೆರಳಿನಲ್ಲಿ, ಬಾನೆಟ್ಟಿನ ಎಡ ಅಂಚಿನಿಂದ ಶುರು. ಆ ಮಂಕು ಕಲೆಗೆ ಇನ್ನೂ ಪೇಂಟ್ ಮಾಡಿಸಿಲ್ಲ. ಮೇಣ ಹಚ್ಚಿದ ವಾರ ಅದು ಅಷ್ಟಾಗಿ ಕಾಣುವುದಿಲ್ಲ.