ಸ್ಥಾವರವಾದ ಜಂಗಮ: ಮಡಿಕೇರಿಯ ರಾಜಗದ್ದಿಗೆಗಳು

ಕುಂದಾಪುರ ಸೀಮೆಯ ಅಮಾಸೆಬೈಲು ಘಟ್ಟದ ಬುಡದ ಊರು. ಅಲ್ಲಿಂದ ಹೊಸಂಗಡಿಯ ಮಾರ್ಗವಾಗಿ ಬಾಳೆಬರೆ ಘಾಟಿಯನ್ನೇರಿದವನು ಬಿದನೂರನ್ನು, ಎಂದರೆ ಇಂದಿನ ನಗರವನ್ನು ಸೇರುತ್ತಾನೆ. 1763ರಲ್ಲಿ ಹೈದರನ ವಶವಾಗುವವರೆಗೆ ಅದು ಕೆಳದಿಯ ವೀರಶೈವ ಅರಸರ ರಾಜಧಾನಿಯಾಗಿದ್ದಿತು. ಘಟ್ಟದ ಕೆಳಗಣ ಜನರಿಗೆ ಆ ಮನೆತನದ ಹೆಸರು ಹೊಸದಲ್ಲ. ಆದರೆ ಅದರ ಕವಲೊಂದು ತೆಂಕಣಕ್ಕೆ ಸಾಗಿ ಕೊಡಗಿನಲ್ಲಿ ಬೇರೂರಿದುದನ್ನು ನೆನೆಯುವವರು ಕಡಿಮೆ. ಪರಂಪರೆಯ ಪ್ರಕಾರ ಇಕ್ಕೇರಿಯ ರಾಜಬಂಧುವೊಬ್ಬನು ಜಂಗಮವೇಷದಿಂದ ಹಾಲೇರಿಗೆ ಬಂದು ನೆಲಸಿ, ಜನರ ಭಕ್ತಿಯನ್ನು ಗಳಿಸಿ, ಕ್ರಮೇಣ ಆ ನಾಡಿಗೆ ದೊರೆಯಾದನು. ಅವನ ವಂಶದ ಅರಸರ ಗದ್ದಿಗೆಗಳು ಮಡಿಕೇರಿಯಲ್ಲಿವೆ. ಜಂಗಮವೇಷದಿಂದ ಆರಂಭವಾದ ಅರಸುತನವು ಗುಮ್ಮಟದ ಕೆಳಗೆ ಬಂದು ನಿಂತುದನ್ನು ವಚನಗಳ ಓದುಗನು ಹೇಗೆ ನೋಡಬೇಕು ಎಂಬುದು ವಿಚಾರಾರ್ಹವಾಗಿದೆ.

ಊರ ಅಂಚಿನ ದಿಣ್ಣೆಯ ಮೇಲೆ ಮೂರು ಕಟ್ಟಡಗಳಿವೆ. ಎತ್ತರವಾದ ನಡುವಣ ಗದ್ದಿಗೆ 1809ರಲ್ಲಿ ತೀರಿಕೊಂಡ ದೊಡ್ಡ ವೀರರಾಜೇಂದ್ರನದು ಮತ್ತು ಅವನ ರಾಣಿ ಮಹಾದೇವಮ್ಮಾಜಿಯದು. ಪಕ್ಕದಲ್ಲಿ ಅವನ ತಮ್ಮ ಲಿಂಗರಾಜೇಂದ್ರನ ಗದ್ದಿಗೆ; ಇದನ್ನು 1820ರಲ್ಲಿ ಮಗ ಚಿಕ್ಕ ವೀರರಾಜೇಂದ್ರನು ಕಟ್ಟಿಸಿದನು. ಮೂರನೆಯದು ರಾಜಗುರು ರುದ್ರಪ್ಪನವರದು. ಎತ್ತರದ ಜಗಲಿ, ಚೌಕಾಕಾರದ ಗೋಡೆ, ಮೇಲೆ ಗುಮ್ಮಟ, ಮೂಲೆಗಳಲ್ಲಿ ಕಿರುಗೋಪುರಗಳು, ಅಲ್ಲಿಯೇ ಕುಳಿತ ನಂದಿಗಳು, ಕಿಟಕಿಗಳಿಗೆ ಹಿತ್ತಾಳೆಯ ಸರಳುಗಳು. ಗುಮ್ಮಟವನ್ನು ಮಾತ್ರ ಕಂಡವನಿಗೆ ಅದು ಸುಲ್ತಾನರ ಗೋರಿಯೆಂದು ತೋರುವುದು. ನಂದಿಯನ್ನು ಕಂಡ ಮೇಲೆ ಶಿವಭಕ್ತರ ಗದ್ದಿಗೆಯೆಂದು ತಿಳಿಯುವುದು.

ವೀರಶೈವ ಅರಸರಿಗೆ ಈ ಪರಶೈಲಿ ಸಲ್ಲದೆಂದು ಆಕ್ಷೇಪಿಸುವವರುಂಟು. ದೊಡ್ಡ ವೀರರಾಜೇಂದ್ರನು ಟಿಪ್ಪುವಿನ ಸೆರೆಯಾಳಾಗಿ ಪಿರಿಯಾಪಟ್ಟಣದ ಕೋಟೆಯಲ್ಲಿದ್ದು, 1788ರಲ್ಲಿ ತಪ್ಪಿಸಿಕೊಂಡು ಬಂದು ಕೊಡಗನ್ನು ಮರಳಿ ಗೆದ್ದವನು. ಅದೇ ಟಿಪ್ಪುವು 1782–84ರಲ್ಲಿ ತನ್ನ ತಂದೆಗಾಗಿ ಶ್ರೀರಂಗಪಟ್ಟಣದಲ್ಲಿ ಗುಂಬಜನ್ನು ಕಟ್ಟಿಸಿದ್ದನು. ವೈರಿಯು ಒಲಿದ ಶೈಲಿಯೇ ವೀರನ ಗದ್ದಿಗೆಗೂ ಬಂದಿತು. ಆದರೆ ಇದನ್ನು ದೋಷವೆನ್ನುವುದು ಸರಿಯಲ್ಲ. ಬೀದರಿನ ಬಳಿಯ ಅಷ್ಟೂರಿನಲ್ಲಿ ಅಹಮದ್ ಷಾ ವಲಿಯ ಗುಮ್ಮಟಕ್ಕೆ ಉರುಸಿನಂದು ಜಂಗಮರೊಬ್ಬರು ಮುಂದಾಳಾಗಿ ಬರುವ ವಾಡಿಕೆಯಿದೆ. ಕನ್ನಡನಾಡಿನ ವೀರಶೈವಕ್ಕೆ ಗುಮ್ಮಟವು ಎಂದೂ ಮೈಲಿಗೆಯಾಗಿರಲಿಲ್ಲ. ಮಡಿಕೇರಿಯ ಓಂಕಾರೇಶ್ವರ ದೇಗುಲವನ್ನು ಲಿಂಗರಾಜೇಂದ್ರನು ಕಟ್ಟಿಸಿದುದೂ ಗುಮ್ಮಟವಿಟ್ಟೇ.

ನಿಜವಾದ ಪ್ರಶ್ನೆ ಶೈಲಿಯದಲ್ಲ, ತತ್ತ್ವದ್ದು. ವೀರಶೈವರ ಕ್ರಿಯಾಸಮಾಧಿಯಲ್ಲಿ ದೇಹವನ್ನು ಕುಳ್ಳಿರಿಸುತ್ತಾರೆ, ಇಷ್ಟಲಿಂಗವು ಎಡಗೈಯಲ್ಲಿರುತ್ತದೆ, ವಿಭೂತಿ, ಪತ್ರೆಗಳು ಜೊತೆಗಿರುತ್ತವೆ. ಅರಸನಿಗೂ ಆಳಿಗೂ ವಿಧಿ ಒಂದೇ. ನೆಲದೊಳಗೆ ಇಲ್ಲದ ಭೇದವು ನೆಲದ ಮೇಲೆ ಮಾತ್ರ ಎದ್ದು ನಿಲ್ಲುತ್ತದೆ. ಸ್ಥಾವರ ಜಂಗಮಗಳ ತಾರತಮ್ಯವನ್ನು ಬಸವಾದಿ ಶರಣರು ಬೋಧಿಸಿದುದು ಈ ಭೇದವನ್ನು ಕುರಿತೇ ಹೊರತು ಕಲ್ಲು ಗಾರೆಗಳ ಮೇಲಣ ದ್ವೇಷದಿಂದಲ್ಲ. ಗದ್ದಿಗೆಯು ಐಕ್ಯದ ನೆನಪಾದರೆ ಸಾರ್ಥಕ. ಐಶ್ವರ್ಯದ ನೆನಪಾದರೆ ಅದು ಬರಿಯ ಸ್ಥಾವರ.

ಈ ಒರೆಗಲ್ಲಿಗೆ ಹಚ್ಚಿದಾಗ ಮೂರು ಗದ್ದಿಗೆಗಳ ಬೆಲೆ ಒಂದೇ ಆಗಿ ಉಳಿಯುವುದಿಲ್ಲ. ದೊಡ್ಡ ವೀರರಾಜೇಂದ್ರನು ತನ್ನ ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಬಯಸಿದ್ದನು. ಲಿಂಗರಾಜೇಂದ್ರನು ಆಕೆಯನ್ನು ಬದಿಗೊತ್ತಿ ತಾನೇ ಪಟ್ಟವೇರಿದನು. ಇಂದು ಅಣ್ಣನೂ ತಮ್ಮನೂ ನೆರೆಹೊರೆಯವರಾಗಿ ಮಲಗಿದ್ದಾರೆ. ಆ ಅನ್ಯಾಯದ ಸುಳಿವು ಕಟ್ಟಡದಲ್ಲಿ ಎಲ್ಲಿಯೂ ಇಲ್ಲ. ಕಲೆಯು ಚರಿತ್ರೆಯನ್ನು ಮುಚ್ಚುವುದು ಹೀಗೆ. ರುದ್ರಪ್ಪನವರ ಗದ್ದಿಗೆ ಎದ್ದುದು 1834ರಲ್ಲಿ, ಇಂಗ್ಲಿಷರು ಕೊಡಗನ್ನು ಕಸಿದುಕೊಂಡ ವರ್ಷದಲ್ಲಿಯೇ. ಅರಸುತನ ಅಳಿದ ಹೊತ್ತಿನಲ್ಲಿ ಗುರುವಿಗೆ ಅರಸರ ಸಾಲಿನಲ್ಲಿ ಎಡೆ ದೊರೆಯಿತು. ಮೂರರಲ್ಲಿ ವೀರಶೈವ ಹೃದಯಕ್ಕೆ ಹತ್ತಿರವಾದುದು ಇದೇ.

ತಂದೆಗೆ ಗುಮ್ಮಟ ಕಟ್ಟಿಸಿದ ಚಿಕ್ಕ ವೀರರಾಜೇಂದ್ರನಿಗೆ ಈ ದಿಣ್ಣೆಯ ಮೇಲೆ ಗೇಣು ನೆಲ ದೊರೆಯಲಿಲ್ಲ. ಕಾಶಿಯಲ್ಲಿ ಕೆಲಕಾಲವಿದ್ದು, 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದವನು ಲಂಡನ್ನಿನಲ್ಲಿಯೇ ತೀರಿಕೊಂಡನು. ವಿಕ್ಟೋರಿಯಾ ರಾಣಿಯ ಧರ್ಮಪುತ್ರಿಯಾಗಿ ಕ್ರೈಸ್ತಳಾದ ಗೌರಮ್ಮನು 1864ರಲ್ಲಿ ಎಳೆಯ ಪ್ರಾಯದಲ್ಲಿಯೇ ತೀರಿಹೋಗಿ ಅಲ್ಲಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಮಣ್ಣಾದಳು. 1840ರಲ್ಲಿ ತೆರೆದ ಆ ಸ್ಮಶಾನವೂ ಶಿಲ್ಪಕ್ಕೆ ಹೆಸರಾದುದೇ. ಅದರ ನಡುವಣ ಪ್ರಾರ್ಥನಾಮಂದಿರಕ್ಕೂ ಗುಮ್ಮಟವಿದೆ, ಎದುರಿಗೆ ಕಂಬಗಳ ಸಾಲಿದೆ. ಹಾಲೇರಿಯ ಮಗಳು ಅಂತೂ ಗುಮ್ಮಟವೊಂದರ ಆಸುಪಾಸಿನಲ್ಲಿಯೇ ಮಲಗಿದಳು. ಆದರೆ ಅಂಗೈಯಲ್ಲಿ ಲಿಂಗವಿರಲಿಲ್ಲ.

ಮಡಿಕೇರಿಗೆ ಹೋದ ಭಕ್ತರು ಗುಮ್ಮಟದ ಚೆಲುವನ್ನು ಕಣ್ತುಂಬ ನೋಡಲಿ. ಅದನ್ನು ಕಟ್ಟಿದ ಕೈಗಳಿಗೆ ಆ ಗೌರವ ಸಲ್ಲತಕ್ಕದ್ದು. ಆದರೆ ಶರಣು ಮಾಡುವಾಗ ಅರಸನ ಎತ್ತರವನ್ನು ನೆನೆಯದೆ, ಹಿಂದೊಮ್ಮೆ ಜಂಗಮವೇಷದಿಂದ ಹಾಲೇರಿಗೆ ಬಂದವನನ್ನು ನೆನೆಯುವುದು ಒಳಿತು. ಅವನ ವೇಷವು ನಿಜವಾಗಿತ್ತೋ, ಬರಿಯ ವೇಷವಾಗಿತ್ತೋ ಎಂಬ ಪ್ರಶ್ನೆಯನ್ನು ಈ ಗುಮ್ಮಟಗಳು ಇಂದಿಗೂ ಕೇಳುತ್ತಲೇ ಇವೆ.